ಬಿನ್ನವತ್ತಳೆಯ ಬಿಟ್ಟ ಸ್ಥಳಗಳು

ನಮ್ಮ ವಿಜಯಪುರದ ಹಲ್ಲಿಗಳು ದೇವರ ಪಟದ ಹಿಂದೆ ಸಂಸಾರ ಹೂಡುವುದಿಲ್ಲ, ಬಿನ್ನವತ್ತಳೆಯ ಹಿಂದೆ ಹೂಡುತ್ತವೆ. ಹಲವು ಮನೆಗಳ ಪಡಸಾಲೆಯಲ್ಲಿ ಚಹಾದ ಬಸಿ ಹಿಡಿದುಕೊಂಡು, ಮಾತು ಮುಗಿದ ಮೇಲೂ ಎದ್ದುಹೋಗಲು ಸಂಕೋಚಪಡುತ್ತ ಗೋಡೆ ನೋಡುವ ಹೊತ್ತಿನಲ್ಲಿ ನಾನು ಸ್ವಂತ ಕಣ್ಣಿನಿಂದ ಕಂಡುಕೊಂಡ ಸತ್ಯವಿದು. ಕಾರಣ ಸರಳವಾಗಿದೆ. ದೇವರ ಪಟವನ್ನು ಶ್ರಾವಣಕ್ಕೊಮ್ಮೆ, ದಸರೆಗೊಮ್ಮೆ ಕೆಳಗಿಳಿಸಿ ಒರೆಸುತ್ತಾರೆ. ಬಿನ್ನವತ್ತಳೆಯನ್ನು ಒಮ್ಮೆ ಮೊಳೆಗೆ ಸಿಕ್ಕಿಸಿದರೆ ಮುಗಿಯಿತು, ಸನ್ಮಾನಿತರು ತಾವೇ ಒಂದು ಪಟವಾಗಿ ಅದರ ಪಕ್ಕಕ್ಕೆ ಬರುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಇಷ್ಟು ನಿರ್ಭಯವಾದ ಜಾಗ ಹಲ್ಲಿಗೆ ಇಡೀ ಮನೆಯಲ್ಲಿ ಇನ್ನೊಂದು ಸಿಗಲಾರದು. ಈ ಸೀಮೆಯ ಹಲ್ಲಿಗಳಲ್ಲಿ ಬಹುಪಾಲು ನನ್ನ ಗದ್ಯದ ಆಶ್ರಯದಲ್ಲಿಯೇ ಬಾಳಿ ಬದುಕಿವೆ ಎಂಬುದು ನನ್ನ ಸಾಹಿತ್ಯಸೇವೆಗೆ ಸಂದ ಏಕೈಕ ನಿರ್ವಿವಾದ ಮನ್ನಣೆ.

ಬಿನ್ನವತ್ತಳೆ ಗೊತ್ತಿಲ್ಲದ ಓದುಗರು ಯಾರಾದರೂ ಇದ್ದರೆ, ಅವರ ಸುತ್ತಮುತ್ತ ಯಾರೂ ನಿವೃತ್ತರಾಗಿಲ್ಲ ಎಂದೇ ಅರ್ಥ. ಒಬ್ಬ ನೌಕರ ಸೇವೆಯಿಂದ ಬಿಡುಗಡೆಯಾಗುವ ದಿನ, ಅವನು ಹೋಗುತ್ತಿದ್ದಾನೆಂಬ ಸಂತೋಷವನ್ನು ಅವನು ಹೋಗುತ್ತಿದ್ದಾನೆಂಬ ದುಃಖದ ಭಾಷೆಯಲ್ಲಿ ಬರೆದು, ವೇದಿಕೆಯ ಮೇಲೆ ಗಟ್ಟಿಯಾಗಿ ಓದಿ, ಗಾಜಿನ ಚೌಕಟ್ಟು ಹಾಕಿಸಿ ಕೈಗೆ ಕೊಡುವ ಪತ್ರಕ್ಕೆ ಬಿನ್ನವತ್ತಳೆ ಎನ್ನುತ್ತಾರೆ. ನಾನು ಪ್ರೌಢಶಾಲೆಯ ಕನ್ನಡ ಮಾಸ್ತರ. ಮೂವತ್ತು ವರ್ಷ ಸಂಧಿ ಸಮಾಸ ಕಲಿಸಿದೆ, ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಬಿಡುವಿನಲ್ಲಿ ಬಿನ್ನವತ್ತಳೆ ಬರೆದೆ, ಅದರಿಂದಲೇ ತಿಕೋಟಾದಿಂದ ಬಬಲೇಶ್ವರದವರೆಗೆ ನನ್ನನ್ನು ‘ಬಿನ್ನವತ್ತಳೆ ಮಾಸ್ತರ’ ಎಂದು ಗುರುತಿಸುತ್ತಾರೆ. ನನ್ನ ಲೇಖನಿಯಿಂದ ಹೊರಟವರೆಲ್ಲರೂ ಅಜಾತಶತ್ರುಗಳು, ಅಣ್ಣತಮ್ಮಂದಿರ ಮೇಲೆ ಏಳು ದಾವೆ ಹೂಡಿದವರೂ ಸೇರಿದಂತೆ. ಎಲ್ಲರೂ ಕರ್ತವ್ಯನಿಷ್ಠರು, ಹಾಜರಿ ಪುಸ್ತಕವನ್ನು ಮನೆಗೇ ತರಿಸಿಕೊಂಡು ಸಹಿ ಮಾಡುತ್ತಿದ್ದವರೂ ಸೇರಿದಂತೆ. ನಾನು ನಿವೃತ್ತನಾದಾಗ ನನಗೆ ಬರೆದುಕೊಡುವವರು ಯಾರೂ ಸಿಗಲಿಲ್ಲವಾದ್ದರಿಂದ ನನ್ನದನ್ನೂ ನಾನೇ ಬರೆದೆ. ಸಹೋದ್ಯೋಗಿಯೊಬ್ಬರು ಅದನ್ನು ಸಭೆಯಲ್ಲಿ ಓದುವಾಗ ನನ್ನ ಕಣ್ಣು ತುಂಬಿ ಬಂದವು. ಇಷ್ಟು ದೊಡ್ಡ ಮನುಷ್ಯ ನಾನು ಎಂಬುದು ಅಂದಿನವರೆಗೂ ನನಗೆ ತಿಳಿದಿರಲಿಲ್ಲ.

ಈ ವೃತ್ತಿಗೆ ಸುಗ್ಗಿ ಎಂದರೆ ಮೇ ತಿಂಗಳ ಕೊನೆ. ಅದಕ್ಕೂ ಒಂದು ಕಥೆಯಿದೆ. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಯನ್ನು ಮಾಸ್ತರರು ಹುಟ್ಟಿದ ತಾರೀಖು ಕೇಳುತ್ತಿದ್ದರು. ಜೋಳದ ರಾಶಿ ನಡೆದಿತ್ತು ಎಂದೋ, ಎಮ್ಮೆ ಈದು ಎಂಟು ದಿನವಾಗಿತ್ತು ಎಂದೋ ತಂದೆ ಹೇಳುತ್ತಿದ್ದ. ಸರಕಾರದ ಪುಸ್ತಕದಲ್ಲಿ ಎಮ್ಮೆಗೆ ಕಾಲಂ ಇರಲಿಲ್ಲ. ಮಾಸ್ತರರು ಒಂದು ಕ್ಷಣವೂ ತಡಮಾಡದೆ ಜೂನ್ ಒಂದು ಎಂದು ಬರೆದು ಮುಂದಿನ ಮಗುವಿಗೆ ಕೈ ಮಾಡುತ್ತಿದ್ದರು. ಹೀಗಾಗಿ ನಮ್ಮ ತಲೆಮಾರಿನ ಅರ್ಧಕ್ಕರ್ಧ ಜನ ಒಂದೇ ದಿನ ಹುಟ್ಟಿ, ಅರವತ್ತು ತುಂಬುವ ಮುನ್ನಾದಿನ ಸಾಮೂಹಿಕವಾಗಿ ನಿವೃತ್ತರಾಗುತ್ತಾರೆ. ಅವರವರ ತಾಯಂದಿರು ಬೇರೆ ಬೇರೆ ದಿನ ಹೆತ್ತಿದ್ದರೂ ಮಾಸ್ತರರ ಲೇಖನಿ ಎಲ್ಲರನ್ನೂ ಒಟ್ಟಿಗೇ ಹೆತ್ತಿತ್ತು. ಮೇ ಮೂವತ್ತೊಂದರ ಮೊದಲಿನ ವಾರದಲ್ಲಿ ಅಥಣಿ ರಸ್ತೆಯ ನಮ್ಮ ಮನೆಯ ಮುಂದೆ ನಿಲ್ಲುವ ಮೋಟರ್ ಸೈಕಲ್ಲುಗಳನ್ನು ನೋಡಿ, ಹೊಸದಾಗಿ ಬಂದ ನೆರೆಯವರು ನಾನು ಬೆನ್ನುನೋವಿಗೆ ಔಷಧ ಕೊಡುತ್ತೇನೆಂದು ತಿಳಿದಿದ್ದರು.

ಇಷ್ಟು ಬೇಡಿಕೆಯನ್ನು ಪೂರೈಸಬೇಕಾದ ಲೇಖಕ ಪ್ರತಿಯೊಬ್ಬರಿಗೂ ಹೊಸದಾಗಿ ಬರೆಯುತ್ತಾನೆಂದು ನಿರೀಕ್ಷಿಸುವುದು ಕ್ರೌರ್ಯ. ನಾನು ಹಳೆಯ ಪತ್ರವನ್ನೇ ಕಂಪ್ಯೂಟರಿನಲ್ಲಿ ತೆರೆದು, ಹೆಸರು ಬದಲಿಸಿ, ಊರು ಬದಲಿಸಿ ಕಳಿಸುತ್ತಿದ್ದೆ. ಆದರೆ ಕಣ್ಣು ಮನುಷ್ಯನದು, ತಪ್ಪುತ್ತದೆ. ಬಬಲೇಶ್ವರದಲ್ಲಿ ನಿವೃತ್ತರಾದ ಒಬ್ಬ ಗುಮಾಸ್ತರ ಪತ್ರವನ್ನು ನಾನು ದಾದಿಯೊಬ್ಬರ ಪತ್ರದಿಂದ ಸಿದ್ಧಪಡಿಸಿದ್ದೆ. ಹೆಸರು, ಹುದ್ದೆ, ಊರು ಎಲ್ಲ ಬದಲಿಸಿದೆನಾದರೂ ನಡುವಿನ ಒಂದು ವಾಕ್ಯ ಹಾಗೇ ಉಳಿಯಿತು. ಎತ್ತರದ ಪೇಟ, ಪೊದೆ ಮೀಸೆಯ ಆ ಗುಮಾಸ್ತರು ಸಹಸ್ರಾರು ಹೆರಿಗೆಗಳನ್ನು ನಿರ್ವಿಘ್ನವಾಗಿ ನೆರವೇರಿಸಿದ ಮಹಾಮಾತೆ ಎಂದು ವೇದಿಕೆಯ ಮೇಲೆ ಓದಲಾಯಿತು. ಸಭೆ ಚಪ್ಪಾಳೆ ತಟ್ಟಿತು. ಗುಮಾಸ್ತರು ಕೈ ಮುಗಿದರು. ಒಬ್ಬರಿಗೂ ಅನುಮಾನ ಬರಲಿಲ್ಲ. ಇಂದಿಗೂ ಅದು ಅವರ ಪಡಸಾಲೆಯಲ್ಲಿ ತೂಗುತ್ತಿದೆ, ಅದರ ಹಿಂದಿನ ಹಲ್ಲಿಯ ಸಂತತಿಯೂ ನಿರ್ವಿಘ್ನವಾಗಿ ಬೆಳೆಯುತ್ತಿದೆ.

ಈ ಸಂಗತಿಯನ್ನು ನಾನು ಹೆಮ್ಮೆಯಿಂದ ಹೇಳಿಕೊಂಡಿದ್ದು ನಮ್ಮ ಮನೆಯ ಮೇಲ್ಮಾಳಿಗೆಯಲ್ಲಿ ಬಾಡಿಗೆಗಿರುವ ಮಹಾದೇವಿ ಎಂಬ ಕಂಪ್ಯೂಟರ್ ಉಪನ್ಯಾಸಕಿಯ ಮುಂದೆ. ಆಕೆ ನಗಲಿಲ್ಲ. ಕಂಪ್ಯೂಟರ್ ಕಲಿಸುವವರು ನಮ್ಮ ತಪ್ಪಿಗೆ ನಗುವುದಿಲ್ಲ, ತಿದ್ದಲು ಬರುತ್ತಾರೆ. ಅದು ಇನ್ನೂ ಕೆಟ್ಟದ್ದು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ನನ್ನ ಹಳೆಯ ಯಂತ್ರದೊಳಗೆ ಒಂದು ಪುಟ್ಟ ಸಲಕರಣೆಯನ್ನು ಕೂಡಿಸಿಬಿಟ್ಟಳು. ಅದಕ್ಕೆ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಬಣ್ಣವಿಲ್ಲ. ಕರಿ ಹಲಗೆಯಂಥ ಪರದೆಯ ಮೇಲೆ ಒಂದೇ ಒಂದು ಸಾಲಿನ ಆಜ್ಞೆ ಟೈಪು ಮಾಡಬೇಕು, ಅಷ್ಟೇ. ಪತ್ರವನ್ನು ಒಂದು ಕಡತದಲ್ಲಿ ಒಂದೇ ಸಲ ಬರೆದಿಡುವುದು. ಹೆಸರು ಬರಬೇಕಾದಲ್ಲಿ ಹೆಸರಿನ ಬದಲು ಎರಡೆರಡು ಪುಷ್ಪಾವರಣದ, ಅಂದರೆ ಗಣಿತದಲ್ಲಿ ಬರುವ ಬಳುಕು ಕಂಸದ, ನಡುವೆ ‘ಹೆಸರು’ ಎಂದು, ಊರು ಬರಬೇಕಾದಲ್ಲಿ ‘ಊರು’ ಎಂದು ಬರೆದು ಜಾಗ ಬಿಡುವುದು. ಇನ್ನೊಂದು ಕಡತದಲ್ಲಿ ಹೆಸರು ಇಂಥದ್ದು, ಊರು ಇಂಥದ್ದು ಎಂದು ಪಟ್ಟಿ ಕೊಡುವುದು. ಆಜ್ಞೆ ಕೊಟ್ಟ ಮರುಕ್ಷಣ ಆ ಪಟ್ಟಿ ಆ ಜಾಗಗಳಲ್ಲಿ ಹೋಗಿ ಕುಳಿತು ಇಡೀ ಪತ್ರ ಸಿದ್ಧವಾಗಿ ಹೊರಬರುತ್ತದೆ. ಪರೀಕ್ಷೆಯಲ್ಲಿ ಮಕ್ಕಳಿಗೆ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಕೊಡುತ್ತಿದ್ದೆನಲ್ಲ, ಅದೇ. ಇಲ್ಲಿ ಯಾರೂ ಪಕ್ಕದವರದನ್ನು ನೋಡಿ ಬರೆಯುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಹೆಸರಿನ ಎರಡೂ ಬದಿಗೆ ಪುಷ್ಪಾವರಣವಿರುವುದು ನನಗೆ ತುಂಬ ಹಿಡಿಸಿತು. ಸನ್ಮಾನಿತರು ಯಾರೆಂದು ಗೊತ್ತಾಗುವ ಮೊದಲೇ ಹಾರ ಬಿದ್ದಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ಸಲಕರಣೆ ಬಹಳ ಹಟಮಾರಿ. ಯಾವುದಾದರೂ ಒಂದು ಜಾಗಕ್ಕೆ ನೀವು ಏನನ್ನೂ ಕೊಡದೆ ಮರೆತರೆ ಅದು ನಿಂತುಬಿಡುತ್ತದೆ. ಇಂಥ ಜಾಗಕ್ಕೆ ಏನೂ ಕೊಟ್ಟಿಲ್ಲ ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಊಹಿಸುವುದಿಲ್ಲ, ಒಪ್ಪವಾಗಿ ಮುಚ್ಚುವುದಿಲ್ಲ, ಜೂನ್ ಒಂದು ಎಂದು ಬರೆಯುವುದಿಲ್ಲ. ನನಗೆ ಗೊತ್ತಿಲ್ಲದ ಕಡೆಯಲ್ಲೆಲ್ಲ ‘ಅಜಾತಶತ್ರು’ ಎಂದು ತುಂಬಿ ಬದುಕಿದ ನನಗೆ ಇದು ಅವಮಾನವೆನಿಸಿತು. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಮೂವತ್ತು ವರ್ಷ ನಾನು ಸಾಹಿತ್ಯ ಎಂದು ಮಾಡಿದ್ದನ್ನು ಈ ಕಡ್ಡಿಪೆಟ್ಟಿಗೆಯಷ್ಟು ಸಲಕರಣೆ ಕಣ್ಣು ಮಿಟುಕಿಸುವುದರಲ್ಲಿ ಮಾಡಿ ಮುಗಿಸಿತು, ಅದೂ ಶಾಲು ಬೇಡದೆ, ಊಟಕ್ಕೆ ನಿಲ್ಲದೆ, ಯಾರ ಹೆರಿಗೆಯನ್ನೂ ಇನ್ಯಾರಿಗೋ ಕಟ್ಟದೆ.

ಕಳೆದ ಮೇ ತಿಂಗಳಲ್ಲಿ ತಿಕೋಟಾ ಕಡೆಯ ಒಂದು ಪ್ರೌಢಶಾಲೆಯ ಮುಖ್ಯಾಧ್ಯಾಪಕರಿಗಾಗಿ ಇದೇ ಸಲಕರಣೆಯಿಂದ ಪತ್ರ ತೆಗೆದುಕೊಟ್ಟೆ. ಅವರ ಹೆಸರು ಹೇಳುವುದಿಲ್ಲ, ಪತ್ರ ಈಗಾಗಲೇ ಅವರ ಗೋಡೆಯ ಮೇಲಿದೆ, ಹಲ್ಲಿಯೂ ಬಂದಿರಬಹುದು. ಪತ್ರ ಕೊಟ್ಟ ಎರಡನೆಯ ದಿನ ಅದೇ ಶಾಲೆಯ ಯಲ್ಲವ್ವ ನಮ್ಮ ಮನೆಗೆ ಬಂದಳು.

ಯಲ್ಲವ್ವ ಆ ಶಾಲೆಯ ಸಿಪಾಯಿ. ಬಿಜ್ಜರಗಿಯವಳು. ಗಂಟೆ ಬಾರಿಸುವುದು, ಕೋಣೆ ಗುಡಿಸುವುದು, ಕೀಲಿ ತೆಗೆಯುವುದು, ಕೀಲಿ ಹಾಕುವುದು, ನೀರು ತುಂಬಿಡುವುದು ಆಕೆಯ ಕೆಲಸ. ನಾನು ಹೊಸದಾಗಿ ನೌಕರಿಗೆ ಸೇರಿದ ಮೂರು ವರ್ಷ ಅದೇ ಶಾಲೆಯಲ್ಲಿದ್ದೆ, ಆಗ ಆಕೆಯೂ ಹೊಸಬಳು. ಆಕೆಯನ್ನು ಮೂರನೆಯ ಇಯತ್ತೆ ಮುಗಿಯುತ್ತಲೇ ಶಾಲೆ ಬಿಡಿಸಿದ್ದರಂತೆ. ಆದರೆ ಅಷ್ಟರೊಳಗೆ ಯಾರೋ ಮಾಸ್ತರರು ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆದಾಗಿತ್ತು. ಹಾಗಾಗಿ ಮುಖ್ಯಾಧ್ಯಾಪಕರೂ ಯಲ್ಲವ್ವನೂ ಒಂದೇ ದಿನ, ಒಂದೇ ವೇದಿಕೆಯಲ್ಲಿ ನಿವೃತ್ತರಾಗುವವರಿದ್ದರು. ಮುಖ್ಯಾಧ್ಯಾಪಕರಿಗೆ ಶಾಲು, ಪೇಟ, ಬೆಳ್ಳಿ ಲೇಪದ ಸರಸ್ವತಿ ಮತ್ತು ಬಿನ್ನವತ್ತಳೆ. ಯಲ್ಲವ್ವನಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ. ಸಿಪಾಯಿಗಳಿಗೆ ಬಿನ್ನವತ್ತಳೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ನಿಷೇಧಿಸಿಲ್ಲ, ಯಾರಿಗೂ ಹೊಳೆದಿಲ್ಲ, ಅಷ್ಟೇ.

ಬಾಗಿಲ ಬಳಿಯೇ ನಿಂತು, ಕುರ್ಚಿ ತೋರಿಸಿದರೂ ಕೂಡದೆ, ಆಕೆ ಹೇಳಿದ್ದು ಒಂದೇ ಮಾತು.

"ಸರ, ನನಗೂ ಒಂದು ಬರದು ಕೊಡ್ರಿ. ಚೌಕಟ್ಟ ಬೇಕಾದ್ರ ನಾನಽ ಹಾಕಿಸ್ಕೋತೇನಿ, ಆದ್ರ ಹೆಡ್ ಮಾಸ್ತರ್ದು ಓದೂ ಮುಂದ ನಂದೂ ಓದಬೇಕು."

ನಾನು ಶಾಲೆಯ ಸಮಾರಂಭ ಸಮಿತಿಯವರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರು ಮೊದಲು ನಕ್ಕರು, ಆಮೇಲೆ ಕಾರ್ಯಕ್ರಮ ಉದ್ದವಾಗುತ್ತದೆಂದರು, ಕೊನೆಗೆ ಬಿನ್ನವತ್ತಳೆ ಮಾಸ್ತರರೇ ಬಂದು ಓದುವುದಾದರೆ ಆಗಲಿ ಎಂದರು. ಯಲ್ಲವ್ವ ತಲೆಯಾಡಿಸಿ ಬಸ್ಸಿಗೆ ಹೋದಳು. ನನ್ನೊಳಗಿನ ಸಾಹಿತಿ ಎದ್ದು ಕೂತದ್ದು ಆಮೇಲೆ.

ಆತ ಏಳಬಾರದಿತ್ತು. ಆದರೆ ವರ್ಷಗಟ್ಟಲೆ ಸುಳ್ಳು ಬರೆದವನಿಗೆ ಒಮ್ಮೆಯಾದರೂ ನಿಜ ಬರೆಯುವ ಚಪಲ ಹುಟ್ಟುವುದು ಸಹಜ. ಇಂಥ ಶ್ರಮಜೀವಿಗೆ ಯಂತ್ರದಿಂದ ತೆಗೆದ ಪತ್ರವೇ, ಛೆ, ಎಂದುಕೊಂಡೆ. ಪುಷ್ಪಾವರಣಗಳನ್ನು ಬದಿಗೊತ್ತಿ, ಬಿಳಿ ಹಾಳೆ ತೆಗೆದುಕೊಂಡು, ಎರಡು ದಿನ ಕುಳಿತು, ಹೊಡೆದು ಹಾಕಿ, ತಿದ್ದಿ, ಹೃದಯದಿಂದ ಬರೆದೆ. ಆಕೆಯ ಕಸಬರಿಗೆಯ ಲಯವನ್ನು ಬರೆದೆ. ಮುಂಜಾವಿನ ಮಂದ ಬೆಳಕಿನಲ್ಲಿ ಸೊಂಟದ ಮೇಲೆ ಕುಳಿತ ಕೊಡವನ್ನು ಬರೆದೆ. ಒರಟು ಅಂಗೈಯ ಗೆರೆಗಳನ್ನೂ, ಬಿಸಿಲಿನಲ್ಲಿ ಬಿರಿದ ಹಿಮ್ಮಡಿಗಳನ್ನೂ ಬರೆದೆ. ಆಕೆ ತುಂಬಿಟ್ಟ ತಂಪು ನೀರನ್ನು ಕುಡಿದು ದಣಿವಾರಿಸಿಕೊಳ್ಳದ ಗುರುಗಳೇ ಇಲ್ಲ ಎಂಬ ವಾಕ್ಯ ಬರೆದಾಗಲಂತೂ ನನ್ನ ಗಂಟಲೇ ಕಟ್ಟಿತು. ಮಹಾದೇವಿಗೆ ಓದಿ ತೋರಿಸಿದೆ. ಚೆನ್ನಾಗಿದೆ ಸರ್, ಆದರೆ ಅವರು ಕೇಳಿದ್ದು ಇದನ್ನೇನಾ ಎಂದಳು. ಯಂತ್ರದ ಸಹವಾಸದಲ್ಲಿ ಈ ಹುಡುಗಿಯರು ಭಾವನೆ ಕಳೆದುಕೊಳ್ಳುತ್ತಾರೆ ಎಂದು ನಾನು ತೀರ್ಮಾನಿಸಿದೆ.

ಭಾನುವಾರ ನಾನೇ ಬಸ್ಸು ಹತ್ತಿ ಬಿಜ್ಜರಗಿಗೆ ಹೋದೆ. ಇಂಥ ಪತ್ರವನ್ನು ಸ್ವತಃ ಓದಿ ಹೇಳಬೇಕು, ಕೇಳುವವರ ಮುಖ ನೋಡಬೇಕು ಎಂಬ ಆಸೆ. ಯಲ್ಲವ್ವನ ಮನೆ ದ್ರಾಕ್ಷಿ ತೋಟವೊಂದರ ಪಕ್ಕಕ್ಕಿದೆ. ಅಂಗಳದಲ್ಲಿ ಎರಡು ಆಡು ಕಟ್ಟಿದ್ದವು. ಆಕೆ ಹೊರಸಿನ ಮೇಲೆ ಚಾದರ ಹಾಸಿ ನನ್ನನ್ನು ಕೂರಿಸಿ, ತಾನು ಕಟ್ಟೆಯ ಮೇಲೆ ಕುಳಿತಳು. ನಾನು ವೇದಿಕೆಯ ಧ್ವನಿಯಲ್ಲಿಯೇ ಓದಿದೆ. ಆಕೆ ಮಧ್ಯೆ ಒಂದು ಸಲವೂ ಅಲ್ಲಾಡಲಿಲ್ಲ. ಭಾವಪರವಶಳಾಗಿದ್ದಾಳೆ ಎಂದು ನಾನು ತಿಳಿದೆ.

ಓದು ಮುಗಿದ ಮೇಲೆ ಚೊಲೊ ಬರೆದಿದ್ದೀರಿ ಎಂದಳು. ಆಮೇಲೆ, ಇದರಲ್ಲಿ ಕಸಬರಿಗೆ ಮೂರು ಸಲ ಬಂತು, ಕೊಡ ಎರಡು ಸಲ ಬಂತು, ಹಿಮ್ಮಡಿ ಒಂದು ಸಲ ಬಂತು, ಹೆಡ್ ಮಾಸ್ತರರ ಹಿಮ್ಮಡಿಯ ಬಗ್ಗೆ ಏನು ಬರೆದಿದ್ದೀರಿ ಎಂದು ಕೇಳಿದಳು. ಅವರ ಪತ್ರದಲ್ಲಿ ಹಿಮ್ಮಡಿಯ ಪ್ರಸ್ತಾಪವಿಲ್ಲ ಎಂದೆ. ಹಾಗಾದರೆ ಅವರದರಲ್ಲಿ ಏನಿದೆ, ಹೇಳಿರಿ ಎಂದಳು. ನನಗೆ ಬಾಯಿಪಾಠ. ಪ್ರಾತಃಸ್ಮರಣೀಯರೇ, ಕರ್ತವ್ಯದೀಕ್ಷಾಬದ್ಧರೇ ಎಂದು ಮೊದಲುಗೊಂಡು ಹದಿನೇಳು ಸಾಲನ್ನೂ ಹೇಳಿದೆ. ಆಗ ಆಕೆ ಕಣ್ಣು ಅರ್ಧ ಮುಚ್ಚಿಕೊಂಡು, ತುಟಿ ಅಲ್ಲಾಡಿಸುತ್ತ ಕೇಳಿದಳು. ನನ್ನ ಸ್ವಂತ ಪತ್ರಕ್ಕೆ ಸಿಗದ ಮರ್ಯಾದೆ ಅದಕ್ಕೆ ಸಿಕ್ಕಿತು.

"ಎಲ್ಲಾ ಮಾಸ್ತರ್ರು ನನ್ನ ಕೊಡದ ನೀರು ಕುಡಿದ್ರು ಅಂತ ಬರದೀರಲ್ಲರಿ, ಅದು ಸುಳ್ಳು," ಎಂದಳು ಆಮೇಲೆ. "ಕುಡೀಲಾರದವರೂ ಇದ್ರು. ಅವರ ಹೆಸರು ನನಗ ಗೊತ್ತದಾವು."

ಆಡಿನ ಕಡೆ ನೋಡುತ್ತ ಹೇಳಿದಳು, ನನ್ನ ಕಡೆಯಲ್ಲ. ಅದು ಆಕೆಯ ದೊಡ್ಡತನ. ಆ ಮೂರು ವರ್ಷ ನನ್ನ ಚೀಲದಲ್ಲಿ ಮನೆಯಿಂದ ತುಂಬಿ ತಂದ ಒಂದು ಬಾಟಲಿ ಇರುತ್ತಿತ್ತು. ಗಂಟಲು ಸೂಕ್ಷ್ಮ, ಬಿಸಿನೀರೇ ಆಗಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಬೇರೆ ಇಬ್ಬರು ಮಾಸ್ತರರಿಗೂ ಅದೇ ಹೊತ್ತಿನಲ್ಲಿ ಗಂಟಲು ಸೂಕ್ಷ್ಮವಾಗಿತ್ತು. ವಿಚಿತ್ರವೆಂದರೆ, ನಗರದ ಶಾಲೆಗೆ ವರ್ಗವಾಗಿ ಬಂದ ವಾರದಲ್ಲಿ ನನ್ನ ಗಂಟಲು ತನ್ನಷ್ಟಕ್ಕೆ ವಾಸಿಯಾಯಿತು, ಭೂತನಾಳ ಕೆರೆಯ ನೀರು ನಲ್ಲಿಯಿಂದ ಬಂದಹಾಗೆಯೇ ಇಳಿಯತೊಡಗಿತು. ಯಾವ ಕುಲದ ಕೈ ಆ ನಲ್ಲಿ ತಿರುಗಿಸಿತ್ತೋ ನಾನು ಕೇಳಲಿಲ್ಲ. ನನಗೆ ನಾನೇ ಬರೆದುಕೊಂಡ ಬಿನ್ನವತ್ತಳೆಯಲ್ಲಿ ‘ಸರ್ವಸಮಭಾವಿ’ ಎಂಬ ಪದ ಎರಡು ಕಡೆ ಬರುತ್ತದೆ, ಬಾಟಲಿ ಒಂದು ಕಡೆಯೂ ಬರುವುದಿಲ್ಲ. ಆ ಹೊರಸಿನ ಮೇಲೆ ಕುಳಿತು ನನಗೆ ನಾಚಿಕೆಯಾಯಿತು. ಅದನ್ನು ಇದಕ್ಕಿಂತ ಅಲಂಕಾರವಾಗಿ ಹೇಳಲು ನನಗೆ ಬರುತ್ತದೆ, ಹೇಳುವುದಿಲ್ಲ.

"ಸುಳ್ಳಽ ಬರಿಯೂದೈತಿ ಅಂದ್ರ, ಹೆಡ್ ಮಾಸ್ತರಿಗೆ ಬರದ ಸುಳ್ಳಽ ನನಗೂ ಬರೀರಿ," ಎಂದಳು ಯಲ್ಲವ್ವ. "ನನ್ನ ಕಸಬರಗಿ ನನಗ ಗೊತ್ತೈತಿ, ಅದನ್ನ ಗ್ವಾಡಿಗಿ ಯಾಕ ತೂಗಹಾಕ್ಲಿ? ಅವರದರಾಗ ಏನೈತಿ ಅದಽ ಬರ್ಲಿ. ಒಂದು ಸಾಲ ಕಡಿಮಿ ಆಗಬಾರದು ನೋಡ್ರಿ."

ತಿಕೋಟಾ ದಾಟಿ ಮನೆ ಮುಟ್ಟುವವರೆಗೆ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೇ ನೋಡಿದೆ. ಹೃದಯದಿಂದ ಬರೆದ ಪತ್ರ ಜೇಬಿನಲ್ಲಿತ್ತು. ಮುಖ್ಯಾಧ್ಯಾಪಕರಿಗೆ ವಿಶೇಷಣ, ಸಿಪಾಯಿಗೆ ಹಿಮ್ಮಡಿ ಎಂಬ ಭೇದವನ್ನು ಸಮಾರಂಭ ಸಮಿತಿ ಹಣ್ಣಿನ ಬುಟ್ಟಿಯಲ್ಲಿ ಮಾಡಿತ್ತು, ನಾನು ಅದನ್ನೇ ಸಾಹಿತ್ಯದಲ್ಲಿ ಮಾಡಿದ್ದೆ. ಸಮಿತಿಯವರಾದರೂ ಅದಕ್ಕಾಗಿ ಗಂಟಲು ಕಟ್ಟಿಸಿಕೊಂಡಿರಲಿಲ್ಲ.

ಮನೆಗೆ ಬಂದವನೇ ಕರಿ ಪರದೆ ತೆರೆದು, ಮುಖ್ಯಾಧ್ಯಾಪಕರ ಪಟ್ಟಿಯಲ್ಲಿ ಅವರ ಹೆಸರು ಅಳಿಸಿ ಯಲ್ಲವ್ವನ ಹೆಸರು ಹಾಕಿದೆ. ಊರಿಗೆ ಬಿಜ್ಜರಗಿ ಎಂದು ಹಾಕಿದೆ. ಹುದ್ದೆ ಹಾಕಿದೆ. ಅವರ ವಿದ್ಯಾರ್ಹತೆಯಿದ್ದ ಕಡೆ ಅಳಿಸಿದೆ, ಏನು ಬರೆಯಬೇಕೋ ತಿಳಿಯದೆ ಹಾಗೇ ಬಿಟ್ಟೆ. ಆಜ್ಞೆ ಕೊಟ್ಟೆ. ಸಲಕರಣೆ ನಿಂತುಬಿಟ್ಟಿತು. ವಿದ್ಯಾರ್ಹತೆ ಎಂಬ ಜಾಗಕ್ಕೆ ಏನೂ ಕೊಟ್ಟಿಲ್ಲ ಎಂದಿತು. ಪತ್ರದಲ್ಲಿ ಒಂದು ವಾಕ್ಯವಿತ್ತು: ಇಂಥಿಂಥ ವಿದ್ಯೆಯಿಂದ ವಿಭೂಷಿತರಾದ ತಾವು ಈ ಶಾಲೆಗೆ ದೊರೆತದ್ದು ನಮ್ಮ ಸುಕೃತ. ಮುಖ್ಯಾಧ್ಯಾಪಕರಿಗೆ ಅಲ್ಲಿ ಎಂ.ಎ., ಬಿ.ಎಡ್. ಕುಳಿತಿತ್ತು. ಆ ವಾಕ್ಯವನ್ನೇ ಕಿತ್ತುಹಾಕಬಹುದಿತ್ತು, ಆದರೆ ಒಂದು ಸಾಲು ಕಡಿಮೆಯಾಗುತ್ತಿತ್ತು. ಅನುಭವ ಎಂದೋ ವಿನಯ ಎಂದೋ ತುಂಬಬಹುದಿತ್ತು, ಹಳೆಯ ಕೈ ಆಗಲೇ ಆ ಕಡೆ ಹೋಗಿಯೂ ಇತ್ತು. ಪರದೆಯ ಮೇಲಿನ ಆ ಒಂದು ಸಾಲು ನನ್ನನ್ನೇ ನೋಡುತ್ತಿರುವಂತಿತ್ತು. ಕೊನೆಗೆ ಯಲ್ಲವ್ವನಿಗೇ ಫೋನು ಮಾಡಿ, ಹೀಗೊಂದು ಜಾಗ ಉಳಿದಿದೆ, ಏನು ತುಂಬಲಿ ಎಂದು ಕೇಳಿದೆ. ಆಕೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಬಿಜ್ಜರಗಿಯ ಸರಕಾರಿ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ, ಎರಡನೆಯ ನಂಬರಿನಲ್ಲಿ ಪಾಸು ಎಂದು ಬರೆಯಿರಿ, ಊರು, ಶಾಲೆ, ನಂಬರು ಯಾವುದೂ ಬಿಡಬಾರದು ಎಂದಳು. ಅರವತ್ತು ವರ್ಷದಲ್ಲಿ ಆ ನಂಬರನ್ನು ಆಕೆಯ ಹತ್ತಿರ ಯಾರೂ ಕೇಳಿರಲಿಲ್ಲ, ಕೇಳಿದ್ದು ಒಂದು ಸಲಕರಣೆ.

ಸುದ್ದಿ ಮುಖ್ಯಾಧ್ಯಾಪಕರಿಗೆ ಮುಟ್ಟಲು ತಡವಾಗಲಿಲ್ಲ. ಅವರು ಫೋನಿನಲ್ಲಿ ಬಹಳ ಸೌಜನ್ಯದಿಂದ, ಯಲ್ಲವ್ವನ ಬಗ್ಗೆ ತಮಗೆ ಗೌರವವಿದೆ, ಆದರೆ ಅದೇ ಪತ್ರ ಎಂದರೆ ಜನ ಏನು ತಿಳಿಯುತ್ತಾರೆ, ಆಕೆಯದರಲ್ಲಿ ಐದಾರು ಸಾಲು ತೆಗೆದರೆ ಸಭೆಗೂ ಶೋಭೆ ಎಂದರು. ನಾನು ಸರಕಾರಿ ಕಚೇರಿಗಳಲ್ಲಿ ಜೀವಮಾನವಿಡೀ ಕೇಳಿಸಿಕೊಂಡ ಉತ್ತರವನ್ನು ಮೊದಲ ಬಾರಿಗೆ ನಾನೇ ಕೊಟ್ಟೆ.

"ಕಂಪ್ಯೂಟರಿನಾಗ ಬರೂದಿಲ್ಲರಿ ಸರ. ಅದರಾಗ ಹೆಸರಷ್ಟಽ ಬದ್ಲಿ ಮಾಡಾಕ ಬರ್ತೈತಿ."

ನನ್ನ ಬರವಣಿಗೆಯ ಬದುಕಿನಲ್ಲಿ ಇದಕ್ಕಿಂತ ಪ್ರಯೋಜನಕಾರಿಯಾದ ಸುಳ್ಳನ್ನು ನಾನು ಹೇಳಿಲ್ಲ.

ಸಮಾರಂಭದ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಮುಖ್ಯಾಧ್ಯಾಪಕರು ಪೇಟ ಸುತ್ತಿಸಿಕೊಂಡು ವೇದಿಕೆಯ ನಡುವಿನ ಕುರ್ಚಿಯಲ್ಲಿದ್ದರು. ಯಲ್ಲವ್ವ ವೇದಿಕೆಯ ಕಡೆಯ ಕುರ್ಚಿಯ ಅಂಚಿನಲ್ಲಿ, ಯಾರಾದರೂ ಕರೆದರೆ ತಕ್ಷಣ ಎದ್ದು ಹೋಗಲು ಸಿದ್ಧಳಾಗಿ ಕುಳಿತಿದ್ದಳು. ಆಕೆಯ ಮಗಳು, ಅಳಿಯ, ಬಿಜ್ಜರಗಿಯ ಹತ್ತಿಪ್ಪತ್ತು ಜನ ಕೊನೆಯ ಸಾಲಿನಲ್ಲಿದ್ದರು. ಮೊದಲು ಮುಖ್ಯಾಧ್ಯಾಪಕರದನ್ನು ಓದಿದೆ. ಪದ್ಧತಿಯಂತೆ ಯಾರೂ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಶಾಲಾಪ್ರಾಂಗಣವನ್ನು ಪ್ರವೇಶಿಸಿ, ಸರ್ವರೂ ನಿರ್ಗಮಿಸಿದ ಬಳಿಕವೇ ಮನೆಯ ದಾರಿ ಹಿಡಿದವರೇ ಎಂಬಲ್ಲಿಗೆ ಬಂದಾಗ ಮಾಸ್ತರರ ಸಾಲಿನಲ್ಲಿ ಇಬ್ಬರು ಕೆಮ್ಮಿದರು. ತಮ್ಮ ಒಂದು ಸಂಕೇತಕ್ಕೆ ಇಡೀ ಶಾಲೆ ಸ್ತಬ್ಧವಾಗುತ್ತಿತ್ತು, ಇನ್ನೊಂದು ಸಂಕೇತಕ್ಕೆ ಚೈತನ್ಯ ತಾಳುತ್ತಿತ್ತು ಎಂಬಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಚಪ್ಪಾಳೆಯಾಯಿತು.

ಎರಡನೆಯ ಪತ್ರ ತೆಗೆದೆ. ಪ್ರಾತಃಸ್ಮರಣೀಯರೇ ಎಂದೆ. ಸಭೆ ಮೊದಲು ನಾನು ತಪ್ಪು ಹಾಳೆ ಹಿಡಿದಿದ್ದೇನೆ ಎಂದುಕೊಂಡಿತು. ನಾನೇ ಹೇಳಿ ಹರಡಿದ್ದ ಬಬಲೇಶ್ವರದ ಕಥೆ ಗೊತ್ತಿದ್ದವರು ನಗಲು ತಯಾರಾದರು. ನಾನು ನಿಲ್ಲಿಸಲಿಲ್ಲ. ಬಿಜ್ಜರಗಿಯ ಸರಕಾರಿ ಕನ್ನಡ ಶಾಲೆಯ ಮೂರನೆಯ ಇಯತ್ತೆಯಲ್ಲಿ ದ್ವಿತೀಯ ಸ್ಥಾನ ಪಡೆದ ವಿದ್ಯೆಯಿಂದ ವಿಭೂಷಿತರಾದ ತಾವು ಎಂದು ಓದುವಾಗ ಯಾರೋ ಕಿಸಕ್ಕೆಂದರು, ಆ ನಗು ಎಲ್ಲಿಯೂ ಜೊತೆ ಸಿಗದೆ ಅಲ್ಲೇ ನಿಂತಿತು. ಎಲ್ಲರಿಗಿಂತ ಮೊದಲು ಶಾಲಾಪ್ರಾಂಗಣವನ್ನು ಪ್ರವೇಶಿಸಿ ಎಂದೆ. ಈ ಬಾರಿ ಯಾರೂ ಕೆಮ್ಮಲಿಲ್ಲ. ಬೆಳಿಗ್ಗೆ ಕೀಲಿ ತೆಗೆದವಳು, ಸಂಜೆ ಕೀಲಿ ಹಾಕಿದವಳು ಯಾರೆಂದು ಅಲ್ಲಿದ್ದ ಪ್ರತಿ ಮಗುವಿಗೂ ಗೊತ್ತಿತ್ತು. ತಮ್ಮ ಒಂದು ಸಂಕೇತಕ್ಕೆ ಇಡೀ ಶಾಲೆ ಸ್ತಬ್ಧವಾಗುತ್ತಿತ್ತು ಎಂದಾಗ ಹುಡುಗಿಯರು ಶಾಲೆಯ ಗಂಟೆಯ ಕಡೆಗೆ ತಿರುಗಿ ನೋಡಿದರು. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸತೊಡಗಿತು. ಇಷ್ಟು ವರ್ಷ ಬರೆದ ಮಾತುಗಳಲ್ಲಿ ಅರ್ಥ ಇರಲಿಲ್ಲವೆಂದಲ್ಲ, ಅವಕ್ಕೆ ತಕ್ಕ ಹೆಸರನ್ನು ನಾನು ಒಮ್ಮೆಯೂ ತುಂಬಿರಲಿಲ್ಲ. ಮೂವತ್ತನಾಲ್ಕು ವರ್ಷ ‘ಏ ಯಲ್ಲವ್ವಾ’ ಎಂದು ಕೂಗಿಸಿಕೊಂಡವಳು ಆ ವೇದಿಕೆಯ ಮೇಲೆ ಹದಿಮೂರು ಸಲ ‘ತಾವು’ ಅನ್ನಿಸಿಕೊಂಡಳು, ಹದಿಮೂರು ಸಲವೂ ಸೆರಗು ಸರಿಮಾಡಿಕೊಂಡಳು. ಕೊನೆಯ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮಕ್ಕಳು ಅವರನ್ನು ನೋಡಿ ಎದ್ದರು, ಮಾಸ್ತರರು ಮಕ್ಕಳನ್ನು ನೋಡಿ ಎದ್ದರು. ಮುಖ್ಯಾಧ್ಯಾಪಕರೂ ಎದ್ದರು, ಒಬ್ಬರೇ ಕುಳಿತಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲ.

ಊಟಕ್ಕೆ ಎಲ್ಲರೂ ಒಳಗೆ ಹೋದ ಮೇಲೆ ನಾನು ಹಾಳೆಗಳನ್ನು ಚೀಲಕ್ಕೆ ಸೇರಿಸುತ್ತಿದ್ದೆ. ಎರಡೂ ಚೌಕಟ್ಟುಗಳನ್ನು ಮೇಜಿನ ಮೇಲೆ ಗೋಡೆಗೆ ಆನಿಸಿ ಇಟ್ಟಿದ್ದರು. ಯಲ್ಲವ್ವ ಒಬ್ಬಳೇ ಅವುಗಳ ಮುಂದೆ ನಿಂತು, ಮುಖ್ಯಾಧ್ಯಾಪಕರ ಗಾಜಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಎಣಿಸಿದಳು. ಹದಿನೇಳು. ಆಮೇಲೆ ತನ್ನದರ ಮೇಲೆ ಬೆರಳಿಟ್ಟು ಎಣಿಸಿದಳು. ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು.

"ಸರ, ನಂದು ಒಂದು ಸಾಲ ಹೆಚ್ಚಿಗಿ ಆಗೇತಿ," ಎಂದಳು.

ನಾನು ಹತ್ತಿರ ಹೋಗಿ ನೋಡಿದೆ. ಹೌದು, ಹದಿನೆಂಟಿತ್ತು. ಎಂ.ಎ., ಬಿ.ಎಡ್. ಹಿಡಿಯುವಷ್ಟು ಜಾಗದಲ್ಲಿ ಬಿಜ್ಜರಗಿ, ಸರಕಾರಿ ಕನ್ನಡ ಶಾಲೆ, ಮೂರನೆಯ ಇಯತ್ತೆ, ದ್ವಿತೀಯ ಸ್ಥಾನ ಇಷ್ಟೂ ಹಿಡಿಯಲಿಲ್ಲ. ಹೆಚ್ಚಾದದ್ದು ಕೆಳಗಿನ ಸಾಲಿಗೆ ಇಳಿದು, ಅಲ್ಲಿಂದ ಕೊನೆಯವರೆಗೆ ಎಲ್ಲವನ್ನೂ ತಳ್ಳಿತ್ತು. ಅದನ್ನೇ ವಿವರಿಸಿ, ಬೇಕಿದ್ದರೆ ಅಕ್ಷರ ಸ್ವಲ್ಪ ಸಣ್ಣದು ಮಾಡಿ ಬೇರೆ ಪ್ರತಿ ತೆಗೆದು ಸಮ ಮಾಡಿಕೊಡುತ್ತೇನೆ ಎಂದೆ.

ಯಲ್ಲವ್ವ ಮೈಮೇಲಿನ ಶಾಲು ತೆಗೆದು ಚೌಕಟ್ಟಿಗೆ ಸುತ್ತಿದಳು, ಎರಡೂ ತುದಿ ಬಿಗಿದು ಗಂಟು ಹಾಕಿದಳು.

"ಇರ್ಲಿ ಬಿಡ್ರಿ," ಎಂದಳು, "ಅವರು ಎಣಿಸೂದಿಲ್ಲ."